ತನ್ನನ್ನೇ ಕಾಯುವ ಕಣ್ಣು

ಮುಂಬೈಯ ಲೋಕಲ್ ರೈಲಿನಲ್ಲಿ ಬಾಗಿಲ ಪಕ್ಕ ಅಂಟಿಸಿರುವ 'ಗುಪ್ತರೋಗ'ದ ಚೀಟಿಗಳನ್ನು ಡೊಂಬಿವಲಿಯಿಂದ ನಿಂತೇ ಬರುವ ನಮ್ಮವರು ಓದದೆ ಇರುವುದಿಲ್ಲ; ಓದಿದ್ದನ್ನು ಯಾರಲ್ಲೂ ಹೇಳುವುದಿಲ್ಲ. ಆ ಚೀಟಿಗಳ ಪ್ರಕಾರ ದೋಷವೆಲ್ಲ 'ಧಾತು'ವಿನದು, ಎಂದರೆ ವೀರ್ಯದ್ದು. ಆದರೆ ದೇಹ ಸರಿಯಿದ್ದೂ ಲೈಂಗಿಕ ಕ್ರಿಯೆಯಲ್ಲಿ ಕೈಕೊಡುವ ಸಂದರ್ಭಗಳಲ್ಲಿ ದೊಡ್ಡ ಪಾಲು ಭಯದ್ದು.

ಶಿಶ್ನದ ನಿಮಿರುವಿಕೆಗೆ ದೇಹವು ವಿಶ್ರಾಂತಿಯಲ್ಲಿರುವಾಗ ಮೇಲುಗೈ ಪಡೆಯುವ ಪ್ಯಾರಾಸಿಂಪಥೆಟಿಕ್ ನರಗಳು ಕೆಲಸ ಮಾಡಬೇಕು. ಆಗ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ, ರಕ್ತನಾಳಗಳು ಸಡಿಲಗೊಂಡು, ರಕ್ತ ತುಂಬಿಕೊಳ್ಳುತ್ತದೆ. ಹೆದರಿದ ದೇಹ ಇದಕ್ಕೆ ವಿರುದ್ಧವಾಗಿ ವರ್ತಿಸುತ್ತದೆ: ಅಡ್ರಿನಲಿನ್‌ನಂಥ ರಾಸಾಯನಿಕಗಳು ಅದೇ ನಾಳಗಳನ್ನು ಬಿಗಿಗೊಳಿಸುತ್ತವೆ. ದಣಿವಿನಿಂದಲೋ ಕುಡಿತದಿಂದಲೋ ಒಮ್ಮೆ ವಿಫಲನಾದವನು ಮರುಸಲ ಸಂಗಾತಿಯನ್ನು ಮರೆತು ತನ್ನ ದೇಹವನ್ನೇ ಪರೀಕ್ಷಕನಂತೆ ಗಮನಿಸತೊಡಗುತ್ತಾನೆ; ಆ ಗಮನವೇ ಸುಖದ ಸಂವೇದನೆಗಳನ್ನು ಮಂಕಾಗಿಸುವುದರಿಂದ ಭಯ ನಿಜವಾಗುತ್ತದೆ, ಮೂರನೆಯ ಸಲಕ್ಕೆ ಇನ್ನಷ್ಟು ಬೆಳೆದಿರುತ್ತದೆ. ಅಮೆರಿಕದ ಲೈಂಗಿಕತೆಯ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಇದನ್ನು ತನ್ನ ಲೈಂಗಿಕ ಕೂಟಕ್ಕೆ ತಾನೇ ಪ್ರೇಕ್ಷಕನಾಗುವ ಸ್ಥಿತಿ ಎಂದು ವಿವರಿಸಿದರು.

ಹೆಂಗಸರಲ್ಲಿ ಇದೇ ಆತಂಕವು ಆಸಕ್ತಿ ಕುಂದುವುದು, ಯೋನಿ ಒಣಗುವುದು, ನೋವಿನ ನಿರೀಕ್ಷೆಯಲ್ಲೇ ಸ್ನಾಯುಗಳು ಬಿಗಿದುಕೊಳ್ಳುವುದು ಮುಂತಾದ ರೂಪಗಳಲ್ಲಿ ಕಾಣಿಸುತ್ತದೆ. ಅದನ್ನು 'ತಣ್ಣನೆಯ ಸ್ವಭಾವ' ಎಂದು ತಳ್ಳಿಹಾಕುವವರೇ ಹೆಚ್ಚು. ಖಿನ್ನತೆ, ಬಾಲ್ಯದ ದೌರ್ಜನ್ಯದ ನೆನಪು, ಹಗಲಿನಲ್ಲಿ ಇತ್ಯರ್ಥವಾಗದ ಜಗಳಗಳೂ ಹಾಸಿಗೆಯವರೆಗೆ ಬರುತ್ತವೆ. ಒಂದೇ ಕೋಣೆಯ ಚಾಳಿನ ಮನೆಯಲ್ಲಿ, ಪರದೆಯಾಚೆ ಅತ್ತೆ ಕೆಮ್ಮುವಾಗ, ಕಿವಿ ಅತ್ತಲೇ ಇರುವವಳ ಮನಸ್ಸು ಇತ್ತ ಹರಿಯುವುದಾದರೂ ಹೇಗೆ?

ನಸುಕಿನಲ್ಲಿ ಅಥವಾ ನಿದ್ದೆಯಲ್ಲಿ ನಿಮಿರುವಿಕೆ ಸಹಜವಾಗಿದ್ದರೆ ನರ ಮತ್ತು ರಕ್ತನಾಳಗಳು ಬಹುಮಟ್ಟಿಗೆ ಸರಿಯಿವೆ ಎಂಬ ಸುಳಿವು ವೈದ್ಯರಿಗೆ ಸಿಗುತ್ತದೆ. ಹಾಗೆಂದು ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದೂ ಅಪಾಯವೇ. ಸಕ್ಕರೆ ಕಾಯಿಲೆ ಈ ನರನಾಳಗಳನ್ನು ಕೆಡಿಸುತ್ತದೆ. ಹೃದಯದ ರಕ್ತನಾಳಗಳ ರೋಗ ಕೆಲವೊಮ್ಮೆ ಮೊದಲು ಇಲ್ಲೇ ತೋರುತ್ತದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಆಸೆಯನ್ನು ತಗ್ಗಿಸುತ್ತವೆ. ಆದ್ದರಿಂದ ಮೊದಲು ತಪಾಸಣೆ, ಆಮೇಲೆ ಆಪ್ತಸಲಹೆ.

ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ಚಿಕಿತ್ಸೆಯ ಮೊದಲ ಹೆಜ್ಜೆ ವಿಚಿತ್ರವೆನಿಸುವಂಥದು: ಕೂಟವನ್ನೇ ಕೆಲಕಾಲ ನಿಷೇಧಿಸಿ, ದಂಪತಿಗಳು ಕೇವಲ ಸ್ಪರ್ಶಿಸುತ್ತ ಆ ಸ್ಪರ್ಶವನ್ನಷ್ಟೇ ಗಮನಿಸುವಂತೆ ಹೇಳುವುದು. ಗುರಿಯೇ ಇಲ್ಲದಿದ್ದಾಗ ಸೋಲುವ ಪ್ರಶ್ನೆ ಬರುವುದಿಲ್ಲ. ಕಾವಲು ಕಣ್ಣಿಗೆ ಕೆಲಸವಿರುವುದಿಲ್ಲ. ಇದಕ್ಕೆ ಅವಸರವಿಲ್ಲದ ಹೊತ್ತು ಬೇಕು, ಮುಂಬೈಯಲ್ಲಿ ಹುಡುಕಬೇಕಾದದ್ದು ಅದನ್ನೇ; ಹಿರಿಯರು ಶನಿವಾರದ ಭಜನೆಗೆ ಹೋಗಿರುವ ಎರಡು ಗಂಟೆಯಾದರೂ ಆದೀತು.