ಮೊದಲ ರಾತ್ರಿ ಕಥೆ ಕೇಳಬೇಡಿ

ಮಾನಸಿಕ ಆಘಾತವನ್ನು ಅರಿತು ಮಾಡುವ ಆರೈಕೆ ಎಂದರೆ, ಬಂದವರ ಹಿಂದಿನ ಬದುಕನ್ನು ಅಗೆದು ತೆಗೆಯುವುದು ಎಂದೇ ಬಹಳಷ್ಟು ಆಶ್ರಯ ಕೇಂದ್ರಗಳು ತಿಳಿದಿವೆ. ತರಬೇತಿ ಮುಗಿದ ಕೆಲವೇ ದಿನಕ್ಕೆ ದಾಖಲಾತಿ ಫಾರಂ ಉದ್ದವಾಗುತ್ತದೆ: ಬಾಲ್ಯದಲ್ಲಿ ಹೊಡೆತ ತಿಂದಿದ್ದೀರಾ, ಲೈಂಗಿಕ ದೌರ್ಜನ್ಯ ನಡೆದಿತ್ತೇ, ಮನೆ ಬಿಟ್ಟಿದ್ದೇಕೆ. ಒಳ್ಳೆಯ ಮನಸ್ಸಿನಿಂದಲೇ ಸೇರಿಸಿರುತ್ತಾರೆ, ಹಾಗಾಗಿ ತೆಗೆಸುವುದು ಇನ್ನೂ ಕಷ್ಟ.

ಆಗಿದ್ದೇನು ಎಂದು ನಿಮಗೆ ಗೊತ್ತಾಗಲೇಬೇಕೆಂದಿಲ್ಲ. ಸೂರು ಕಳೆದುಕೊಂಡು ಬಂದ ಯಾರಿಗೇ ಆದರೂ ಏನೋ ಆಗಿರಬಹುದು ಎಂದುಕೊಂಡು ಎಲ್ಲರ ಜೊತೆಗೂ ಹಾಗೆಯೇ ನಡೆದುಕೊಂಡರೆ ಸಾಕು. ಮಾನಸಿಕ ಆರೋಗ್ಯ ಮತ್ತು ವ್ಯಸನ ಸೇವೆಗಳನ್ನು ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಸಾಮ್ಸಾ ಇಂಥ ಆರೈಕೆಗೆಂದು 2014ರಲ್ಲಿ ಕೊಟ್ಟ ಆರು ತತ್ವಗಳಲ್ಲಿ ಮೊದಲನೆಯದು ಸುರಕ್ಷತೆ. ವಿವರ ಕಲೆಹಾಕುವುದು ಆ ಆರರಲ್ಲಿ ಎಲ್ಲೂ ಇಲ್ಲ.

ಬೀದಿಯಲ್ಲಿ ಮಲಗುವವರಿಗೆ ಪೂರ್ತಿ ನಿದ್ದೆ ಎಂಬುದು ಅಪರೂಪ. ಸದಾ ಅಪಾಯಕ್ಕೆ ಕಿವಿಗೊಟ್ಟ ದೇಹ ಚಿಲಕದ ಸದ್ದಿಗೂ ಬೆಚ್ಚುತ್ತದೆ. ಅಂಥ ಹೊತ್ತಿನಲ್ಲಿ ಹಳೆಯದನ್ನು ಕೆದಕಿದರೆ ಅದು ಬೆವರಾಗಿ, ಎದೆಬಡಿತವಾಗಿ, ಚೂರುಚೂರು ಚಿತ್ರಗಳಾಗಿ ಬರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಕಲಸಿಹೋಗುತ್ತದೆ. ಮರುದಿನ ಇನ್ನೊಬ್ಬ ಸಿಬ್ಬಂದಿ ಅದನ್ನೇ ಕೇಳುತ್ತಾರೆ, ಉತ್ತರ ಬೇರೆ ಬರುತ್ತದೆ, ‘ಹೇಳಿಕೆ ಬದಲಿಸುತ್ತಾರೆ’ ಎಂಬ ಷರಾ ಬೀಳುತ್ತದೆ. ಮೂರನೆಯ ದಿನ ಹಾಸಿಗೆ ಖಾಲಿ. ‘ಸಹಕರಿಸಲಿಲ್ಲ’ ಎಂದು ಬರೆದು ಫೈಲು ಮುಚ್ಚುತ್ತಾರೆ! ಆಘಾತದ ಬೆನ್ನಲ್ಲೇ ಎಲ್ಲವನ್ನೂ ಬಾಯಿಬಿಡಿಸುವ ಪದ್ಧತಿ ಒಂದು ಕಾಲಕ್ಕೆ ಚಾಲ್ತಿಯಲ್ಲಿತ್ತು. ವಿಶ್ವ ಆರೋಗ್ಯ ಸಂಸ್ಥೆಯೇ ಅದು ಬೇಡ ಎಂದಿದೆ.

ಮೊದಲ ರಾತ್ರಿಗೆ ಬೇಕಾದದ್ದು ಕೆಲವೇ ಪ್ರಶ್ನೆ. ಯಾವ ಹೆಸರಿನಿಂದ ಕರೆಯಲಿ? ಗಾಯ, ನೋವು ಇದೆಯೇ, ಗರ್ಭಿಣಿಯೇ? ದಿನವೂ ತೆಗೆದುಕೊಳ್ಳುವ ಮಾತ್ರೆ ಯಾವುದು? ಯಾರಾದರೂ ಹುಡುಕಿಕೊಂಡು ಬರುವ ಭಯವಿದೆಯೇ? ಸಾಯಬೇಕು ಅನಿಸುತ್ತಿದೆಯೇ? ಇದನ್ನು ನೇರವಾಗಿಯೇ ಕೇಳಿ, ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಕಡೆಯದಾಗಿ, ಕುಡಿಯುವವರಾದರೆ ಕೊನೆಯ ಸಲ ಕುಡಿದದ್ದು ಯಾವಾಗ? ದಿನವೂ ವಿಪರೀತ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಸಾಮಾನ್ಯವಾಗಿ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು. ಗದರುವ ದನಿಯಲ್ಲಿ ಕೇಳಿದರೆ ‘ಕುಡಿಯೋದೇ ಇಲ್ಲ’ ಎನ್ನುತ್ತಾರೆ, ಮತ್ತೇನೆನ್ನಬೇಕು?

ಅವರಾಗಿಯೇ ಹೇಳತೊಡಗಿದರೆ ಬಾಯಿ ಮುಚ್ಚಿಸಬೇಡಿ. ಆದರೆ ಯಾವುದನ್ನು ಗುಟ್ಟಾಗಿಡಲು ನಿಮಗೆ ಸಾಧ್ಯವಿಲ್ಲವೋ ಅದನ್ನು, ಅಂದರೆ ಮಗು ಅಪಾಯದಲ್ಲಿದ್ದರೆ, ಜೀವಕ್ಕೆ ಅಪಾಯವಿದ್ದರೆ ಮೇಲಿನವರಿಗೆ ತಿಳಿಸಲೇಬೇಕು ಎಂಬುದನ್ನು, ಕೇಳುವ ಮೊದಲೇ ಹೇಳಿಬಿಡಿ. ದೃಷ್ಟಿ ಒಂದೇ ಕಡೆ ನೆಟ್ಟು, ದನಿ ಸಪ್ಪಗಾಗಿ, ಉತ್ತರ ತಡವಾಗತೊಡಗಿದರೆ ಅಲ್ಲಿಗೆ ನಿಲ್ಲಿಸಿ. ನೀರು ಕೊಡಿ, ಎರಡೂ ಪಾದ ನೆಲಕ್ಕೂರಲು ಹೇಳಿ, ಈಗ ಎಲ್ಲಿದ್ದೀರಿ, ನಾನು ಯಾರು ಎಂದು ನಿಧಾನವಾಗಿ ಹೇಳಿ. ಸಮಾಧಾನಕ್ಕೆಂದು ಭುಜ ಮುಟ್ಟಬೇಡಿ. ಇದು ಚಿಕಿತ್ಸೆಯಲ್ಲ, ಆ ಹೊತ್ತು ದಾಟಿಸುವ ಉಪಾಯ. ಮತ್ತೆ ಮತ್ತೆ ಹಾಗಾದರೆ ಮನೋವೈದ್ಯರಿಗೆ ತೋರಿಸಬೇಕು.

ಕುರ್ಚಿಗಳನ್ನು ಎದುರುಬದುರು ಹಾಕದೆ ಓರೆಯಾಗಿ ಹಾಕಿ, ಇಬ್ಬರಿಗೂ ಬಾಗಿಲಿಗೆ ದಾರಿ ಬಿಡುವಿರಲಿ. ಬೆಳಿಗ್ಗೆ ಎಬ್ಬಿಸುವಾಗ ಕಾಲಿನ ಕಡೆ, ಕೈಗೆ ಎಟುಕದಷ್ಟು ದೂರ ನಿಂತು ಅವರ ಹೆಸರು ಕರೆಯಿರಿ, ನಿಮ್ಮ ಹೆಸರು ಹೇಳಿ. ಮುಖಕ್ಕೆ ಟಾರ್ಚ್ ಬಿಟ್ಟು ಭುಜ ಅಲುಗಾಡಿಸಿ, ಏಟು ತಿಂದು, ಆಮೇಲೆ ‘ಹಿಂಸಾಪ್ರವೃತ್ತಿ’ ಎಂದು ಬರೆಯುವುದು ಯಾವ ನ್ಯಾಯ? ಚೀಲ ತಪಾಸಣೆ ಮಾಡಲೇಬೇಕಾದರೆ ಅವರೇ ಬಿಚ್ಚಲಿ, ಅವರೇ ಕಟ್ಟಲಿ. ಚಪ್ಪಲಿ ಹಾಕಿಕೊಂಡೇ ಮಲಗುತ್ತಾರೆ, ಮಂಚ ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಮಲಗುತ್ತಾರೆ. ಮಲಗಲಿ ಬಿಡಿ, ಹಾಸಿಗೆಯನ್ನೇ ಅಲ್ಲಿಗೆ ಎಳೆದುಕೊಡಿ.

ಪಾಳಿ ಬದಲಾಗುವಾಗ ಅವರ ಒಪ್ಪಿಗೆ ಪಡೆದು ರಿಜಿಸ್ಟರ್‌ನಲ್ಲಿ ಎರಡು ಸಾಲು ಬರೆದಿಡಿ: ಯಾವುದನ್ನು ಈಗಾಗಲೇ ಹೇಳಿದ್ದಾರೆ, ಯಾವುದನ್ನು ಮತ್ತೆ ಕೇಳಬಾರದು. ಮುಂದಿನ ಪಾಳಿಯವರು ಒಳಗೆ ಹೋಗುವ ಮುನ್ನ ಅದನ್ನು ಓದಿ ಸಹಿ ಹಾಕಲಿ.