ಚಾಯ್‌ವಾಲಾ ಮುಹಮ್ಮದನ ಅರ್ಧ ಹಾಡು

ಕಂತು ಮುಗಿದು ನಟರ ಹೆಸರುಗಳು ಸರಿದ ಮೇಲೆ ಚಾಯ್‌ವಾಲಾ ಮುಹಮ್ಮದ್ ‘ಲ್ಯಾಂಡ್ ಆಫ್ ಹೋಪ್ ಅಂಡ್ ಗ್ಲೋರಿ’ ಎಂದು ರಾಗ ಎಳೆಯುತ್ತಾನೆ. ಹಾಡು ಮುಂದುವರಿಯುವ ಮೊದಲೇ ಸಾರ್ಜೆಂಟ್ ಮೇಜರ್ ಗುಡುಗುತ್ತಾನೆ: ‘ಶಟ್ ಅಪ್!’ ಬಿಬಿಸಿಯ ಹಾಸ್ಯ ಧಾರಾವಾಹಿ ‘ಇಟ್ ಏಂಟ್ ಹಾಫ್ ಹಾಟ್ ಮಮ್’ (1974–81) ಮುಗಿಯುತ್ತಿದ್ದದ್ದು ಹೀಗೆ. ಹಾಡುತ್ತಿದ್ದವರು 1930ರಲ್ಲಿ ಢಾಕಾದಲ್ಲಿ ಹುಟ್ಟಿದ ಡೀನೋ ಶಫೀಕ್.

ಬ್ರಿಟಿಷ್ ಪರದೆಯಲ್ಲಿ ಏಷ್ಯನ್ ನಟನಿಗೆ ಅಷ್ಟು ಜಾಗವೂ ಸುಲಭಕ್ಕೆ ಸಿಕ್ಕಿದ್ದಲ್ಲ. 1960ರ ‘ದಿ ಮಿಲಿಯನೇರೆಸ್’ ಚಿತ್ರದಲ್ಲಿ ಭಾರತೀಯ ವೈದ್ಯನಾದವರು ಬಿಳಿಯ ನಟ ಪೀಟರ್ ಸೆಲ್ಲರ್ಸ್. 1969ರ ‘ಕರಿ ಅಂಡ್ ಚಿಪ್ಸ್’ನಲ್ಲಿ ಸ್ಪೈಕ್ ಮಿಲಿಗನ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಪಾಕಿಸ್ತಾನಿ ಮೂಲದವನಾದರು, ಅದು 6 ಕಂತಿಗೇ ನಿಂತಿತು.

‘ಹಾಫ್ ಹಾಟ್ ಮಮ್’ ಶುರುವಾಗುವುದು 1945ರಲ್ಲಿ, ನಾಸಿಕ್ ಬಳಿಯ ದೇವಲಾಲಿಯ ಬ್ರಿಟಿಷ್ ಸೇನಾ ಶಿಬಿರದಲ್ಲಿ. ಅದನ್ನು ಬರೆದ ಇಬ್ಬರಲ್ಲಿ ಒಬ್ಬರಾದ ಜಿಮ್ಮಿ ಪೆರ್ರಿ ಅಲ್ಲೇ ಸೈನಿಕರ ಮನರಂಜನಾ ತಂಡದಲ್ಲಿದ್ದವರು. ಚಿತ್ರೀಕರಣ ಮಾತ್ರ ಪೂರ್ತಿ ಇಂಗ್ಲೆಂಡಿನಲ್ಲಿ. ಮುಖ್ಯ ಭಾರತೀಯ ಪಾತ್ರ ಬೇರರ್ ರಂಗಿ ರಾಮ್ ಸಿಕ್ಕಿದ್ದು ಮೈಕೆಲ್ ಬೇಟ್ಸ್‌ಗೆ. ಅವರು ಝಾನ್ಸಿಯಲ್ಲಿ ಹುಟ್ಟಿದವರು, ಬರ್ಮಾ ಯುದ್ಧದಲ್ಲಿ ಗೂರ್ಖಾ ಪಡೆಯಲ್ಲಿದ್ದವರು, ಉರ್ದು ಬಲ್ಲವರು. ಆದರೂ ಬಿಳಿಯ. ಅನುಭವವುಳ್ಳ ಏಷ್ಯನ್ ಹಾಸ್ಯನಟರು ಸಿಗಲಿಲ್ಲವೆಂಬುದು ತಯಾರಕರ ಸಮರ್ಥನೆ. ಅದೇ ಸೆಟ್ಟಿನಲ್ಲಿ ಶಫೀಕ್ ಚಹಾದ ಪಾತ್ರೆ ಹೊತ್ತು, ಪಂಖಾವಾಲನಾಗಿ ಬಾಬರ್ ಭಟ್ಟಿ ಹಗ್ಗ ಎಳೆಯುತ್ತ ಕುಳಿತಿದ್ದಾಗ ಈ ಮಾತು ಹೇಗೆ ನಿಂತೀತು? ಮೂವರೂ ಒಂದೇ ಚೌಕಟ್ಟಿಗೆ ಬಂದಾಗಲಂತೂ ಬಳಿದ ಬಣ್ಣ ಯಾವುದು, ಹುಟ್ಟಿನ ಬಣ್ಣ ಯಾವುದು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಬಣ್ಣಕ್ಕಿಂತ ದೊಡ್ಡ ತೊಡಕು ಮಾತಿನ ಹಂಚಿಕೆಯದು. ಕ್ಯಾಮೆರಾಕ್ಕೆ ಮುಖ ಕೊಟ್ಟು, ‘ಹಳೆಯ ಹಿಂದೂ ಗಾದೆ’ ಎಂದು ಏನಾದರೊಂದನ್ನು ಕಟ್ಟಿ ಹೇಳಿ ಪ್ರೇಕ್ಷಕನನ್ನು ಒಳಗೆ ಹಾಕಿಕೊಳ್ಳುವ ಸಲುಗೆ ರಂಗಿ ರಾಮನಿಗೆ. ಶಫೀಕ್‌ಗೆ ಉಳಿದದ್ದು ಚಹಾ, ದೃಶ್ಯಗಳ ನಡುವಿನ ತುಣುಕು ಹಾಡು, ಆಗೊಂದು ಈಗೊಂದು ಮಾತು. 1978ರ ಜನವರಿಯಲ್ಲಿ ಬೇಟ್ಸ್ ತೀರಿಕೊಂಡರು. ಆ ಪಾತ್ರಕ್ಕೆ ಬೇರೆಯವರನ್ನು ತರಲಿಲ್ಲ. ಶಫೀಕ್ ಪಾಲಿನ ಕೆಲಸ ಹೆಚ್ಚಿದ್ದು ಆ ಮೇಲೆ.

ಅಷ್ಟರಲ್ಲಿ ನಮ್ಮಲ್ಲೂ ಬಹಳ ಮಂದಿ ನೋಡಿರುವ ‘ಮೈಂಡ್ ಯುವರ್ ಲ್ಯಾಂಗ್ವೇಜ್’ 1977ರ ಡಿಸೆಂಬರ್ ಕೊನೆಗೆ ಲಂಡನ್ ವೀಕೆಂಡ್ ಟೆಲಿವಿಷನ್ ವಾಹಿನಿಯಲ್ಲಿ ಶುರುವಾಗಿತ್ತು. ಅದರಲ್ಲಿ ಶಫೀಕ್ ಪಾಕಿಸ್ತಾನದ ಅಲಿ ನದೀಮ್. ಎದುರಾಳಿ ಸಿಖ್ ರಂಜೀತ್ ಸಿಂಗ್ ಆದವರು ಸಿಲೋನಿನಲ್ಲಿ ಹುಟ್ಟಿದ ಆಲ್ಬರ್ಟ್ ಮೋಸಸ್. ಇಲ್ಲಿ ಯಾರೂ ಬಣ್ಣ ಬಳಿದುಕೊಳ್ಳಬೇಕಿರಲಿಲ್ಲ, ಆದರೆ ಹೂರಣ ಹಳೆಯದೇ. ವಿದೇಶಿಯರು ಇಂಗ್ಲಿಷ್ ಕಲಿಯುವ ಸಂಜೆ ತರಗತಿಯ ಪ್ರತಿ ವಿದ್ಯಾರ್ಥಿಯೂ ಒಂದು ದೇಶ, ಒಂದು ತಪ್ಪು ಉಚ್ಚಾರ, ಪದೇ ಪದೇ ಆಡುವ ಒಂದು ಮಾತು. ಇಂಗ್ಲಿಷ್ ಕಲಿತುಬಿಟ್ಟರೆ ನಗುವೇ ಖಾಲಿ. ಹಾಗಾಗಿ ಮೂರು ಸರಣಿ, 29 ಕಂತು ಕಳೆದರೂ ಯಾರೂ ಕಲಿಯುವಂತಿಲ್ಲ. ಈ ಇಕ್ಕಟ್ಟಿನಲ್ಲೂ ಶಫೀಕ್ ಅಲಿಯನ್ನು ದಡ್ಡನಾಗಿಸದೆ ಉತ್ಸಾಹಿಯಾಗಿಸಿದರು: ಉತ್ತರ ತಪ್ಪಾದರೂ ಕೈ ಎತ್ತುವುದರಲ್ಲಿ ಹಿಂಜರಿಕೆಯಿಲ್ಲ.

ಒಂದೊಂದು ಜನಾಂಗವನ್ನೂ ಒಂದೇ ಅಚ್ಚಿನಲ್ಲಿ ತೋರಿಸುತ್ತದೆಂಬ ಕಾರಣಕ್ಕೆ ವಾಹಿನಿಯ ಕಾರ್ಯಕ್ರಮಗಳ ಮುಖ್ಯಸ್ಥ ಮೈಕೆಲ್ ಗ್ರೇಡ್ 1979ರಲ್ಲಿ ಇದನ್ನು ನಿಲ್ಲಿಸಿದರು. ವಿದೇಶಗಳ ಬೇಡಿಕೆ ನೋಡಿ 1986ರಲ್ಲಿ ಮತ್ತೆ 13 ಕಂತು ತೆಗೆಯುವಾಗ ಶಫೀಕ್ ಇರಲಿಲ್ಲ. 1984ರ ಮಾರ್ಚ್‌ನಲ್ಲಿ, 53ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡಿದ್ದರು. ಮರುವರ್ಷ ಚಾನೆಲ್ 4ರಲ್ಲಿ ಸಯೀದ್ ಜಾಫ್ರಿಯವರ ‘ತಂದೂರಿ ನೈಟ್ಸ್’ ಬಂತು. 1998ರಲ್ಲಿ ಬ್ರಿಟಿಷ್ ಏಷ್ಯನ್ ಕಲಾವಿದರೇ ‘ದಿ ಮಿಲಿಯನೇರೆಸ್’ ಕಾಲದ ಸೆಲ್ಲರ್ಸ್ ಹಾಡಿನ ಹೆಸರನ್ನು ಕಿತ್ತುಕೊಂಡು ‘ಗುಡ್‌ನೆಸ್ ಗ್ರೇಷಿಯಸ್ ಮಿ’ಯನ್ನು ಟಿವಿಗೆ ತಂದರು.

‘ಹಾಫ್ ಹಾಟ್ ಮಮ್’ ಅನ್ನು ಬಿಬಿಸಿ ಈಗ ಮರುಪ್ರಸಾರ ಮಾಡುವುದಿಲ್ಲ. ಬೇಟ್ಸ್ ಬಳಿದುಕೊಂಡ ಬಣ್ಣದ ಜೊತೆಗೆ ಶಫೀಕ್ ಹಾಡೂ ಪೆಟ್ಟಿಗೆ ಸೇರಿದೆ.