ಗುರ್ಲಾಪುರದ ಕಬ್ಬು, ಜಿನೀವಾದ ವಾದ

2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ರಸ್ತೆಗಿಳಿದರು. ಟನ್ನಿಗೆ 3,500 ರೂಪಾಯಿ ಕೊಡಿ ಎಂದು ಪಟ್ಟು ಹಿಡಿದರು. ಕೊನೆಗೆ ಸರ್ಕಾರ 3,300 ರೂಪಾಯಿ ಘೋಷಿಸಿತು. ಕಬ್ಬಿನ ದರದ ಜಗಳ ಇಲ್ಲಿ ಹೊಸದಲ್ಲ. ಆದರೆ ಸರ್ಕಾರ ಗೊತ್ತು ಮಾಡುವ ಕಬ್ಬಿನ ದರದ ಮೇಲೆ 2019ರಿಂದ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯಲ್ಲೂ ಒಂದು ವ್ಯಾಜ್ಯ ನಡೆದಿದೆ. ಅದು ನಮ್ಮ ಬೆಳೆಗಾರರ ಕಿವಿಗೆ ಬಿದ್ದದ್ದು ತೀರಾ ಕಡಿಮೆ.

ಇದರ ಬೇರು 1995ರಲ್ಲಿದೆ. ವಿಶ್ವ ವ್ಯಾಪಾರ ಸಂಸ್ಥೆಯ ಜೊತೆಗೇ ಕೃಷಿ ಒಪ್ಪಂದವೂ ಜಾರಿಗೆ ಬಂತು. ಭಾರತದಂಥ ದೇಶ ಒಂದು ಬೆಳೆಗೆ ಕೊಡುವ ಬೆಂಬಲ ಅದರ ಉತ್ಪಾದನೆಯ ಮೌಲ್ಯದ ಶೇ. 10 ದಾಟಬಾರದು. ಸರ್ಕಾರ ನಿಗದಿ ಮಾಡಿದ ದರವನ್ನು 1986–88ರ ದರಕ್ಕೆ ಹೋಲಿಸಿ ಆ ಬೆಂಬಲವನ್ನು ಅಳೆಯುತ್ತಾರೆ. ಅಂದಿನ ಗೊಬ್ಬರ, ಡೀಸೆಲ್, ಕಟಾವಿನ ಕೂಲಿ ಎಷ್ಟಿತ್ತು, ಇಂದು ಎಷ್ಟಿದೆ? ಈ ಲೆಕ್ಕ ಅನ್ಯಾಯದ್ದು ಅಂತಲೇ ನನಗನಿಸುತ್ತದೆ.

ಇಂಥ ನಿಯಮಗಳ ಮೇಲೆ ವರ್ಷಗಟ್ಟಲೆ ವಾದಿಸುವುದೇ ಸಂಧಾನಕಾರರ ಕೆಲಸ. ಐಎಎಸ್ ಅಧಿಕಾರಿ ಉಜಲ್ ಸಿಂಗ್ ಭಾಟಿಯಾ 2004ರಿಂದ 2010ರವರೆಗೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತದ ರಾಯಭಾರಿಯಾಗಿದ್ದರು. 2008ರ ಜುಲೈನಲ್ಲಿ ವಾಣಿಜ್ಯ ಸಚಿವ ಕಮಲ್ ನಾಥ್ ಜಿನೀವಾಕ್ಕೆ ಹೋದಾಗ ವ್ಯಾಪಾರ ನಿಯಮಗಳ ಮಾತುಕತೆ ಮುರಿದು ಬಿತ್ತು. ಆಮದು ದಿಢೀರ್ ಜಾಸ್ತಿಯಾದರೆ ಸುಂಕ ಏರಿಸುವ ಹಕ್ಕು ಬೇಕೆಂದು ಭಾರತ ಹಟ ಹಿಡಿದಿತ್ತು. ಸಣ್ಣ ರೈತರ ಪರವಾಗಿ ಅದು ಹಿಡಿಯಲೇಬೇಕಾದ ಹಟವಾಗಿತ್ತು. ಮುಂದೆ ಭಾಟಿಯಾ ಅದೇ ಸಂಸ್ಥೆಯ ಮೇಲ್ಮನವಿ ಮಂಡಳಿಯ ಸದಸ್ಯರಾದರು.

ಇತ್ತ 2018–19ರಲ್ಲಿ ಸಕ್ಕರೆ ದಾಸ್ತಾನು ಬೆಳೆದು ಕಬ್ಬಿನ ಬಿಲ್ ಬಾಕಿ ಉಳಿಯಿತು. ಸಕ್ಕರೆ ಹೊರಗೆ ಹೋಗಲಿ ಎಂದು ಕೇಂದ್ರ ರಫ್ತಿಗೆ ನೆರವು ಕೊಟ್ಟಿತು. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ದೂರು ಕೊಟ್ಟವು. ರಫ್ತು ನೆರವಿನ ಜೊತೆಗೆ ಎಫ್‌ಆರ್‌ಪಿಯನ್ನೂ, ಅಂದರೆ ಕಾರ್ಖಾನೆಗಳು ಕಬ್ಬಿಗೆ ಕೊಡಲೇಬೇಕೆಂದು ಕೇಂದ್ರ ಗೊತ್ತು ಮಾಡುವ ಕನಿಷ್ಠ ದರವನ್ನೂ ಪ್ರಶ್ನಿಸಿದವು. ಆ ದುಡ್ಡು ಕೊಡುವುದು ಕಾರ್ಖಾನೆ, ನಮ್ಮ ಖಜಾನೆಯಲ್ಲ ಎಂದು ಭಾರತ ವಾದಿಸಿತು. 2021ರ ಡಿಸೆಂಬರ್‌ನಲ್ಲಿ ಬಂದ ತೀರ್ಪು ಇದನ್ನು ಒಪ್ಪಲಿಲ್ಲ. ದರ ಗೊತ್ತು ಮಾಡುವುದು ಸರ್ಕಾರವೇ ಅಲ್ವಾ ಎಂಬುದು ಅದರ ತರ್ಕ. 2014–15ರಿಂದ ಐದೂ ಹಂಗಾಮುಗಳಲ್ಲಿ ಭಾರತ ಮಿತಿ ದಾಟಿದೆ, ರಫ್ತು ನೆರವೂ ತಪ್ಪು ಎಂದಿತು.

ಈ ತೀರ್ಪಿನ ವಿರುದ್ಧ ಭಾರತ ಮೇಲ್ಮನವಿ ಹಾಕಿತು. ಕೇಳಲು ಮೇಲ್ಮನವಿ ಮಂಡಳಿಯಲ್ಲಿ ಯಾರೂ ಇರಲಿಲ್ಲ! ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆದಿತ್ತು. ಒಂದು ಪ್ರಕರಣಕ್ಕೆ ಮೂವರು ಬೇಕು. 2019ರ ಡಿಸೆಂಬರ್ 10ರಂದು ಭಾಟಿಯಾ ಮತ್ತು ಇನ್ನೊಬ್ಬರ ಅವಧಿ ಮುಗಿದಾಗ ಉಳಿದದ್ದು ಒಬ್ಬರೇ. ಆಮೇಲೆ ಅವರೂ ಹೋದರು.

ಹಾಗಾಗಿ ತೀರ್ಪು ಬಂದರೂ ಜಾರಿಯಾಗಿಲ್ಲ. ಎಫ್‌ಆರ್‌ಪಿ ಏರುತ್ತಲೇ ಇದೆ. 2025–26ಕ್ಕೆ ಅದು ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಕಟಾವು, ಸಾಗಾಟದ ಖರ್ಚು ಇದರಲ್ಲೇ ಕಳೆಯುತ್ತದೆ; ಗುರ್ಲಾಪುರದ ದರ ಆ ಖರ್ಚು ಬಿಟ್ಟದ್ದು. ಈ ಬಿಡುವು ಖಾಯಂ ಅಲ್ಲ. ಮುಂದೆ ವಾದಕ್ಕೆ ಹೋಗುವ ಅಧಿಕಾರಿಗಳು ಕಾರ್ಖಾನೆಗಳು ಕಬ್ಬು ನುರಿಸುವ ಹೊತ್ತಿಗೆ ಒಮ್ಮೆ ಅಥಣಿ, ಮುಧೋಳ, ಜಮಖಂಡಿಗೆ ಬರಬೇಕು. ಟನ್ ಕಬ್ಬಿಗೆ ನಿಜವಾಗಿ ತಗಲುವ ಖರ್ಚನ್ನು ಬೆಳೆಗಾರರಿಂದಲೇ ಬರೆದುಕೊಳ್ಳಬೇಕು. 1986–88ರ ಲೆಕ್ಕ ಬದಲಿಸಿ ಎಂದು ಕೇಳಲು ಅದಕ್ಕಿಂತ ಗಟ್ಟಿ ದಾಖಲೆ ಇನ್ನೊಂದಿಲ್ಲ.